ಆ ಅರ್ಧ ದಿನವನ್ನು ಮುಂದೂಡಬೇಡಿ

ಬಿಟಿಎಂ ಲೇಔಟಿನ ಪಿಜಿಗಳಲ್ಲಿದ್ದು ಬನ್ನೇರುಘಟ್ಟ ರಸ್ತೆಯ ಕಚೇರಿಗಳಿಗೆ ಹೋಗುವ ಹೆಣ್ಣುಮಕ್ಕಳೇ, ಬೆಳಗಾಗುತ್ತಲೇ ಬುತ್ತಿ ಕಟ್ಟಿಕೊಂಡು ಬೊಮ್ಮನಹಳ್ಳಿಯ ಗಾರ್ಮೆಂಟ್ಸ್‌ಗೆ ಓಡುವ ತಂಗಿಯರೇ, ಜಯನಗರ ನಾಲ್ಕನೇ ಬ್ಲಾಕಿನ ಅಂಗಡಿಗಳಲ್ಲಿ ದಿನವಿಡೀ ನಿಂತೇ ದುಡಿಯುವವರೇ, ವಯಸ್ಸಿನಲ್ಲಿ ಹಿರಿಯಳಾಗಿ ನಿಮಗೊಂದು ಮಾತು ಹೇಳಬೇಕು.

ಗರ್ಭಕೋಶದ ಬಾಯಿಗೆ, ಅಂದರೆ ಗರ್ಭಕಂಠಕ್ಕೆ, ಬರುವ ಕ್ಯಾನ್ಸರ್ ಒಂದೇ ರಾತ್ರಿಯಲ್ಲಿ ಬರುವುದಲ್ಲ. ಎಚ್‌ಪಿವಿ ಎಂಬ ವೈರಸ್ ಮೈ ಸೇರಿದರೂ ಬಹುತೇಕರಲ್ಲಿ ತಾನಾಗಿಯೇ ಹೊರಟುಹೋಗುತ್ತದೆ. ಕೆಲವರಲ್ಲಿ ಮಾತ್ರ ಉಳಿದುಬಿಡುತ್ತದೆ. ಅಂಥವರಲ್ಲೂ ಅದು ಕ್ಯಾನ್ಸರ್ ಆಗಲು ಸಾಮಾನ್ಯವಾಗಿ 15-20 ವರ್ಷ ಹಿಡಿಯುತ್ತದೆ. ಇಷ್ಟು ಕಾಲಾವಕಾಶ ಕೊಡುವ ರೋಗ ಅಪರೂಪ. ಹಾಗಿದ್ದೂ 2022ರ ಅಂದಾಜಿನಂತೆ ನಮ್ಮ ದೇಶದಲ್ಲಿ ಒಂದೇ ವರ್ಷಕ್ಕೆ ಸುಮಾರು 1.27 ಲಕ್ಷ ಹೆಂಗಸರಿಗೆ ಇದು ಬಂತು, ಸುಮಾರು 80 ಸಾವಿರ ಮಂದಿ ತೀರಿಕೊಂಡರು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, 30ರಿಂದ 49 ವಯಸ್ಸಿನವರ ಪೈಕಿ ಒಮ್ಮೆಯಾದರೂ ತಪಾಸಣೆ ಮಾಡಿಸಿಕೊಂಡವರು ನೂರಕ್ಕೆ ಇಬ್ಬರೂ ಇರಲಿಲ್ಲ. ಈ ಲೆಕ್ಕ ಓದಿದಾಗಲೆಲ್ಲ ನನ್ನ ಹೊಟ್ಟೆ ಉರಿಯುತ್ತದೆ.

ತಪಾಸಣೆ ಎಂದರೆ ಹೆದರುತ್ತೀರಿ. ಅಲ್ಲಿ ಆಗುವುದು ಇಷ್ಟೇ: ಮಂಚದ ಮೇಲೆ ಮಲಗಿಸುತ್ತಾರೆ, ಸಣ್ಣ ಉಪಕರಣದಿಂದ ಒಳಭಾಗವನ್ನು ಕಾಣುವಂತೆ ಮಾಡುತ್ತಾರೆ, ಪುಟ್ಟ ಬ್ರಶ್‌ನಿಂದ ಸವರಿ ಮಾದರಿ ತೆಗೆಯುತ್ತಾರೆ. ತುಸು ಕಿರಿಕಿರಿಯಾಗಬಹುದು, ಕೆಲವೇ ನಿಮಿಷಗಳಲ್ಲಿ ಮುಗಿಯುತ್ತದೆ. ಇನ್ನೊಂದು ವಿಧಾನ ಇನ್ನೂ ಸರಳ. ವಿನೆಗರ್‌ನಲ್ಲಿರುವ ಆಮ್ಲವನ್ನೇ ತೆಳುವಾಗಿಸಿ ಗರ್ಭಕಂಠಕ್ಕೆ ಹಚ್ಚಿ ಒಂದು ನಿಮಿಷ ಕಾಯುತ್ತಾರೆ. ಕೆಟ್ಟ ಕಡೆ ಗುರುತಾಗಿ ಬೆಳ್ಳಗೆ ಕಾಣುತ್ತದೆ. ಆ ಹಂತದಲ್ಲಿ ಸಿಕ್ಕರೆ ಎಷ್ಟೋ ಸಲ ಗರ್ಭಕೋಶ ತೆಗೆಯದೆಯೇ ಗುಣಪಡಿಸಬಹುದು. ಮಹಾರಾಷ್ಟ್ರದ ಅಂದಿನ ಉಸ್ಮಾನಾಬಾದ್ ಜಿಲ್ಲೆಯ ಹಳ್ಳಿಗಳಲ್ಲಿ ನಡೆದು 2009ರಲ್ಲಿ ಪ್ರಕಟವಾದ ಅಧ್ಯಯನ ನೋಡಿ: ಒಂದೇ ಒಂದು ಸಲ ಮಾದರಿ ತೆಗೆದು ಎಚ್‌ಪಿವಿ ಪರೀಕ್ಷೆ ಮಾಡಿದ್ದಕ್ಕೆ ಈ ಕ್ಯಾನ್ಸರ್‌ನ ಸಾವು ಸುಮಾರು ಅರ್ಧಕ್ಕೆ ಇಳಿಯಿತು. ಹಳ್ಳಿಯ ಹೆಂಗಸರಿಗೆ ಸಾಧ್ಯವಾದದ್ದು ಬೆಂಗಳೂರಿನಲ್ಲಿರುವ ನಿಮಗೆ ಆಗದೇ?

ದೂರವೂ ಇಲ್ಲ. ಜಯನಗರದ ಜನರಲ್ ಆಸ್ಪತ್ರೆ ಇದೆ, ಹೊಸೂರು ರಸ್ತೆಯಲ್ಲಿ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆ ಇದೆ. ರಾಜ್ಯದ ಮೂಲೆಮೂಲೆಯಿಂದ ರಾತ್ರಿ ಬಸ್ಸು ಹತ್ತಿ ಕಿದ್ವಾಯಿಗೆ ಬರುತ್ತಾರೆ, ಅವರಲ್ಲಿ ಎಷ್ಟೋ ಜನ ಬರುವ ಹೊತ್ತಿಗೆ ತಡವಾಗಿರುತ್ತದೆ. ಮೂವತ್ತು ದಾಟಿದವರು ವೈದ್ಯರನ್ನು ಕೇಳಿ ತಪಾಸಣೆ ಶುರುಮಾಡಿ. ಸಂಭೋಗದ ನಂತರ, ಎರಡು ಮುಟ್ಟಿನ ನಡುವೆ ಅಥವಾ ಮುಟ್ಟು ನಿಂತ ಮೇಲೆ ರಕ್ತ ಕಂಡರೆ, ದುರ್ವಾಸನೆಯ ಬಿಳಿ ಹೋಗುತ್ತಿದ್ದರೆ, ವಯಸ್ಸು ಎಷ್ಟೇ ಇರಲಿ, ಒಂದು ವಾರವೂ ಕಾಯಬೇಡಿ.

ಎಚ್‌ಪಿವಿ ತಡೆಯಲು ಲಸಿಕೆಯೂ ಇದೆ. 2022ರಲ್ಲಿ ನಮ್ಮ ಪುಣೆಯ ಸೀರಂ ಇನ್‌ಸ್ಟಿಟ್ಯೂಟ್‌ನ ಸರ್ವಾವ್ಯಾಕ್‌ಗೆ ಅನುಮತಿ ಸಿಕ್ಕಿತು. 9ರಿಂದ 14ರ ವಯಸ್ಸಿನಲ್ಲಿ ಹಾಕಿಸಿದರೆ ಫಲ ಹೆಚ್ಚು. ಇಪ್ಪತ್ತರ ಆಸುಪಾಸಿನಲ್ಲಿರುವ ನೀವೂ ವೈದ್ಯರೊಂದಿಗೆ ಮಾತಾಡಿ, ಕಾಲ ಮೀರಿಲ್ಲ. ಲಸಿಕೆ ಹಾಕಿಸಿಕೊಂಡವರೂ ಮುಂದೆ ತಪಾಸಣೆ ಬಿಡಬಾರದು. ಈ ವೈರಸ್ ಲೈಂಗಿಕ ಸಂಬಂಧವಿರುವ ಹೆಚ್ಚುಕಡಿಮೆ ಎಲ್ಲರನ್ನೂ, ಗಂಡಸರನ್ನೂ, ಜೀವನದಲ್ಲಿ ಒಮ್ಮೆ ಮುಟ್ಟಿಹೋಗುತ್ತದೆ. ಅದಕ್ಕೂ ಶೀಲಕ್ಕೂ ಸಂಬಂಧ ಕಟ್ಟುವವರ ಮಾತಿಗೆ ಸೊಪ್ಪು ಹಾಕಬೇಡಿ. "ಮದುವೆಯಾಗದವಳಿಗೆ ಗೈನಕಾಲಜಿಸ್ಟ್ ಹತ್ತಿರ ಏನು ಕೆಲಸ?" ಎನ್ನುವವರಿಗೆ ನಿಮ್ಮ ಕಾಯಿಲೆ ಹೊರುವ ಶಕ್ತಿಯಿಲ್ಲ.

ಮೇಲಿನ ಹುದ್ದೆಗಳಲ್ಲಿರುವ ಗಂಡುಮಕ್ಕಳೇ, ನಿಮಗೂ ಹೇಳುತ್ತೇನೆ. ಶೌಚಕ್ಕೆ ಹೋಗಲು ಬಿಡುವು ಸಿಗದೆಂದು ನೀರನ್ನೇ ಕುಡಿಯದೆ ಹೊಲಿಗೆ ಯಂತ್ರದ ಮುಂದೆ ಕೂರುವ ಹೆಂಗಸರಿದ್ದಾರೆ. ಇಂಥವಳು ತಪಾಸಣೆಗೆ ರಜೆ ಕೇಳುವ ಧೈರ್ಯ ಎಲ್ಲಿಂದ ತರಬೇಕು? 2025ರ ಅಕ್ಟೋಬರ್‌ನಲ್ಲಿ ನಮ್ಮ ರಾಜ್ಯದ ಸಚಿವ ಸಂಪುಟ ವರ್ಷಕ್ಕೆ 12 ದಿನ ವೇತನಸಹಿತ ಮುಟ್ಟಿನ ರಜೆಗೆ ಒಪ್ಪಿಗೆ ಕೊಟ್ಟಿತು. ಮುಟ್ಟಿನ ಮಾತು ಸಂಪುಟದ ಸಭೆಯಲ್ಲೇ ಆಡಬಹುದಾದರೆ ನಿಮ್ಮ ಕಚೇರಿಯಲ್ಲಿ ಗರ್ಭಕಂಠದ ಮಾತು ಏಕೆ ಆಡಬಾರದು? ಸಂಬಳ ಕತ್ತರಿಸದ ಅರ್ಧ ದಿನ ಕೊಡಿ, ಕಾರಣ ಕೆದಕಬೇಡಿ. ಮನೆ ಕೆಲಸದಾಕೆ, ಕಚೇರಿ ಗುಡಿಸುವಾಕೆ, ಇವರಿಗೆ ಮೊದಲು ಕೊಡಿ.

ಹೆಣ್ಣುಮಕ್ಕಳೇ, ಒಬ್ಬರೇ ಹೋಗಲು ಅಳುಕಾದರೆ ಪಕ್ಕದ ಮೇಜಿನ ಗೆಳತಿಯನ್ನು ಕರೆದುಕೊಂಡು ಹೋಗಿ. ಅಮ್ಮನಿಗೂ ಅತ್ತೆಗೂ ಮಾಡಿಸಿ. ಈ ತಿಂಗಳೇ ಒಂದು ದಿನ ಗೊತ್ತುಮಾಡಿಕೊಳ್ಳಿ.