ಪ್ರಾಚೀನ ಗ್ರೀಕ್ ಸಮಾಜದ ಬೋಧನೆ: ಪ್ರಜೆ, ದಾಸ, ಪರಸ್ಥಳದವ

ಗ್ರೀಸಿನ ಪರಿಚಯ ಕನ್ನಡಕ್ಕೆ ಬಹುಮಟ್ಟಿಗೆ ನಾಟಕದ ಮೂಲಕ ಆಯಿತು. ಬಿ.ಎಂ.ಶ್ರೀ. ಅವರು ಸೋಫೋಕ್ಲಿಸನ 'ಏಜಾಕ್ಸ್' ನಾಟಕವನ್ನು ಆಧರಿಸಿ 'ಅಶ್ವತ್ಥಾಮನ್' (1929) ರಚಿಸಿದರು. ಈಸ್ಕಿಲಸನ ನಾಟಕವೊಂದನ್ನು 'ಪಾರಸಿಕರು' (1935) ಎಂದು ಕನ್ನಡಕ್ಕೆ ತಂದರು. ಆದರೆ ಆ ನಾಟಕಗಳನ್ನು ನೋಡಲು ನೆರೆಯುತ್ತಿದ್ದ ಜನರ ಸಮಾಜ ಪ್ರೌಢಶಾಲೆಯ ಚರಿತ್ರೆಯ ತರಗತಿಗೆ ಬರುವಷ್ಟರಲ್ಲಿ ಒಂದೇ ವಾಕ್ಯವಾಗಿ ಬತ್ತಿರುತ್ತದೆ: ಅಥೆನ್ಸ್ ಪ್ರಜಾಪ್ರಭುತ್ವದ ತವರು. ವಿದ್ಯಾರ್ಥಿ ಅದನ್ನು ಬಾಯಿಪಾಠ ಮಾಡುತ್ತಾನೆ, ಅಂಕ ಪಡೆಯುತ್ತಾನೆ. ಆ ಪ್ರಜೆ ಯಾರು ಎಂದು ಕೇಳುವುದಿಲ್ಲ.

ತೊಡಕು ಮೊದಲಾಗುವುದು ಪದದಲ್ಲಿಯೇ. ಕನ್ನಡದಲ್ಲಿ 'ಪ್ರಜೆ' ಎಂದರೆ ರಾಜನಿಗೆ ಎದುರಾಗಿ ನಿಲ್ಲುವ ಪದ. ಆಳಿಸಿಕೊಳ್ಳುವ ಸಮಸ್ತರೂ ಅದರಲ್ಲಿ ಅಡಕ. ಅಥೆನ್ಸಿನ ಜನಸಭೆಯಲ್ಲಿ ಕೈಯೆತ್ತುತ್ತಿದ್ದವನು ಅಂಥ ಪ್ರಜೆಯಲ್ಲ. ಅವನು ವಯಸ್ಕ ಗಂಡಸು. ಪೆರಿಕ್ಲಿಸ್ ತಂದ ಕ್ರಿ.ಪೂ. 451ರ ನಿಯಮದ ತರುವಾಯ ತಾಯಿತಂದೆಗಳಿಬ್ಬರೂ ಅಥೆನ್ಸಿನವರೇ ಆಗಿರಬೇಕಾಗಿದ್ದವನು. ಆದುದರಿಂದ 'ಪೌರ' ಎಂಬ ಪದವನ್ನು ಬಳಸಿ, ಅದಕ್ಕೆ ಈ ಎಲ್ಲೆಯನ್ನು ಮೊದಲ ದಿನವೇ ಹಾಕಿಕೊಡುವುದು ಲೇಸು.

'ದಾಸ' ಎಂಬ ಪದದ ಪಾಡು ಇನ್ನೂ ವಿಷಮ. ಪುರಂದರದಾಸ, ಕನಕದಾಸರ ಕೀರ್ತನೆಗಳನ್ನು ಕೇಳಿ ಬೆಳೆದ ಕಿವಿಗೆ ಅದರಲ್ಲಿ ಭಕ್ತಿಯ ಪರಿಮಳವಿದೆ; ಒಡೆಯನಿಗೆ ತಾನಾಗಿ ಒಪ್ಪಿಸಿಕೊಂಡ ವಿನಯವಿದೆ. ಗ್ರೀಕರ ಒಂದು ಪದವಾದರೋ 'ಆಂಡ್ರಪೊಡಾನ್', ಮನುಷ್ಯಪಾದಿ. ನಾಲ್ಕು ಕಾಲಿನ ಪಶುವಿಗಿದ್ದ ಪದದ ಮಾದರಿಯಲ್ಲಿ ಕಟ್ಟಿದುದು ಅದು. ಇದಕ್ಕೆ 'ಗುಲಾಮ' ಎಂಬ ಒರಟು ಪದವೇ ತಕ್ಕುದು. ಕ್ರಿ.ಪೂ. 594ರಲ್ಲಿ ಸೋಲನ್ ರದ್ದುಪಡಿಸಿದ ಪದ್ಧತಿಯನ್ನು ಮಾತ್ರ ಕನ್ನಡದ ಮಕ್ಕಳಿಗೆ ವಿವರಿಸಬೇಕಾಗಿಲ್ಲ: ಸಾಲಕ್ಕೆ ದೇಹವನ್ನೇ ಒತ್ತೆಯಿಡುವ ಅದಕ್ಕೆ 'ಜೀತ' ಎಂಬ ಹೆಸರು ಸಾಕು, ಭಾರತದಲ್ಲಿ ಅದನ್ನು ನಿಷೇಧಿಸಿದ ಕಾಯಿದೆ 1976ರದು. ಸ್ವದೇಶದ ಬಡವನನ್ನು ಜೀತದಿಂದ ಬಿಡಿಸಿದ ಅಥೆನ್ಸ್ ಥ್ರೇಸ್, ಏಷ್ಯಾ ಮೈನರ್ ಮೊದಲಾದೆಡೆಗಳಿಂದ ಗುಲಾಮರನ್ನು ಕೊಂಡು ತಂದಿತು ಎಂಬುದನ್ನು ಪಠ್ಯಪುಸ್ತಕ ಒಂದೇ ಪುಟದಲ್ಲಿ ಹೇಳಿದರೆ ಒಳಿತು.

ಮೂರನೆಯ ವರ್ಗ ಮೆಟಿಕರದು. ಅಂದರೆ ನೆಲೆ ಬದಲಿಸಿದವರು. ತೆರಿಗೆ ತೆರಬೇಕು, ಯುದ್ಧಕ್ಕೆ ಹೋಗಬೇಕು. ಭೂಮಿಯ ಒಡೆತನವಿಲ್ಲ, ಸಭೆಯಲ್ಲಿ ಸ್ಥಾನವಿಲ್ಲ. ಅಥೆನ್ಸಿನಲ್ಲಿ ಶಾಲೆ ತೆರೆದ ಅರಿಸ್ಟಾಟಲನೂ ಮೆಟಿಕನೇ. ಹೊರನಾಡಿನ ಕನ್ನಡ ಮಕ್ಕಳ ಮನಸ್ಸಿಗೆ ಈ ವರ್ಗ ಬೇಗ ಹತ್ತುತ್ತದೆ. ಹೋಲಿಕೆಯ ಮಿತಿಯನ್ನೂ ಅಧ್ಯಾಪಕನು ತೋರಿಸಬೇಕು. ಮುಂಬಯಿಗೆ ಬಂದು ನೆಲಸಿದವನು ಅಲ್ಲಿಯೇ ಮತ ಹಾಕುತ್ತಾನೆ. ಅಥೆನ್ಸಿನಲ್ಲಿಯೇ ಹುಟ್ಟಿದ ಮೆಟಿಕನ ಮಗನು ಮೆಟಿಕನಾಗಿಯೇ ಉಳಿಯುತ್ತಿದ್ದನು.

ಪೌರ, ಮೆಟಿಕ, ಗುಲಾಮ ಈ ಮೂವರನ್ನೂ ಒಂದೆಡೆ ಕಾಣಿಸುವ ಆಧಾರವೊಂದು ಉಂಟು. ಲಿಸಿಯಸ್ ಎಂಬ ಮೆಟಿಕನು ಎರಟೋಸ್ಥೆನೀಸನ ವಿರುದ್ಧ ರಚಿಸಿದ ಭಾಷಣವದು. (ಈ ಎರಟೋಸ್ಥೆನೀಸನು ಭೂಮಿಯ ಸುತ್ತಳತೆ ಕಂಡುಹಿಡಿದವನಲ್ಲ, ವಿದ್ಯಾರ್ಥಿಗಳು ಇಲ್ಲಿ ಎಡವುವುದುಂಟು.) ಲಿಸಿಯಸನ ತಂದೆ ಸೆಫಾಲಸ್ ಸಿರಾಕ್ಯೂಸಿನಿಂದ ಬಂದು ಮೂವತ್ತು ವರ್ಷ ಅಥೆನ್ಸಿನಲ್ಲಿ ಬಾಳಿದವನು. ಪ್ಲೇಟೋವಿನ 'ರಿಪಬ್ಲಿಕ್' ಸಂವಾದ ನಡೆಯುವುದು ಅವನ ಮಗ ಪೋಲೆಮಾರ್ಕಸನ ಮನೆಯಲ್ಲಿ. ಕ್ರಿ.ಪೂ. 404ರಲ್ಲಿ ಅಧಿಕಾರಕ್ಕೆ ಬಂದ ಮೂವತ್ತು ಜನ ಪೌರರ ಕೂಟವು ಧನದಾಸೆಯಿಂದ ಮೆಟಿಕರ ಮೇಲೆ ಬಿದ್ದಿತು. ಮೊದಲು ಹಿಡಿಯಬೇಕಾದ ಹತ್ತು ಮಂದಿಯಲ್ಲಿ ಇಬ್ಬರು ಬಡವರಿರಲಿ ಎಂದು ಅವರು ಗೊತ್ತುಮಾಡಿದರಂತೆ. ಹಣಕ್ಕಾಗಿ ಅಲ್ಲವೆಂದು ತೋರಬೇಕಲ್ಲ! ಲಿಸಿಯಸ್ ಲಂಚ ಕೊಟ್ಟು, ಕಡೆಗೆ ತಪ್ಪಿಸಿಕೊಂಡನು. ಪೋಲೆಮಾರ್ಕಸನನ್ನು ಎರಟೋಸ್ಥೆನೀಸನು ಬೀದಿಯಲ್ಲಿ ಹಿಡಿದು ಸೆರೆಮನೆಗೆ ಒಯ್ದನು. ಆರೋಪವನ್ನೂ ತಿಳಿಸದೆ ವಿಷ ಕುಡಿಸಲಾಯಿತು. ಮೂರು ಮನೆಗಳಿದ್ದ ಕುಟುಂಬ ಶವಕ್ಕಾಗಿ ಗುಡಿಸಲೊಂದನ್ನು ಬಾಡಿಗೆಗೆ ಹಿಡಿಯಬೇಕಾಯಿತು. ಸ್ನೇಹಿತರಲ್ಲಿ ಒಬ್ಬನು ಮೇಲುವಸ್ತ್ರ ಕೊಟ್ಟನು, ಇನ್ನೊಬ್ಬನು ದಿಂಬು. ಮೆಲೋಬಿಯಸ್ ಎಂಬವನು ಮನೆಗೆ ನುಗ್ಗಿದೊಡನೆ ಪೋಲೆಮಾರ್ಕಸನ ಹೆಂಡತಿಯ ಕಿವಿಯಿಂದ ಬಂಗಾರದ ಓಲೆಗಳನ್ನು ಕಿತ್ತನು.

ಇಲ್ಲಿಯವರೆಗೆ ಓದಿಸಿದರೆ ತರಗತಿ ಲಿಸಿಯಸನ ಪಕ್ಷವಾಗಿರುತ್ತದೆ, ಆಗಬೇಕಾದುದೂ ಹಾಗೆಯೇ. ಅನಂತರವೇ ಅಪಹೃತವಾದ ಸೊತ್ತಿನ ಪಟ್ಟಿಯನ್ನು ಓದಿಸಬೇಕು. ಏಳುನೂರು ಗುರಾಣಿಗಳು, ಬೆಳ್ಳಿ, ಬಂಗಾರ, ತಾಮ್ರ, ಒಡವೆ, ಹೆಂಗಸರ ಉಡುಪು; ಅದೇ ಸಾಲಿನಲ್ಲಿ ನೂರಿಪ್ಪತ್ತು ಗುಲಾಮರು. ಉತ್ತಮರಾದವರನ್ನು ಮೂವತ್ತು ಮಂದಿ ತಾವಿಟ್ಟುಕೊಂಡು ಮಿಕ್ಕವರನ್ನು ಬೊಕ್ಕಸಕ್ಕೆ ಸೇರಿಸಿದರು. ದೂರುವವನು ಅನ್ಯಾಯಕ್ಕೆ ಒಳಗಾದವನೇ; ಆದರೂ ಅವನಿಗೆ ಆ ನೂರಿಪ್ಪತ್ತು ಜನ ನಷ್ಟದ ಲೆಕ್ಕ ಮಾತ್ರ. ಓಲೆ ಕಳೆದುಕೊಂಡ ಅತ್ತಿಗೆಯ ಹೆಸರನ್ನೂ ಅವನು ಹೇಳುವುದಿಲ್ಲ.

ಪರೀಕ್ಷೆಯಲ್ಲಿ ಅಥೆನ್ಸಿನ ಪ್ರಜಾಪ್ರಭುತ್ವದ ಲಕ್ಷಣಗಳನ್ನು ಬರೆಯಿರಿ ಎನ್ನುವ ಬದಲು ಈ ಭಾಗವನ್ನೇ ಕೊಟ್ಟು, ಇದರಲ್ಲಿ ಬರುವವರೆಲ್ಲರನ್ನೂ ಪಟ್ಟಿಮಾಡಿ, ಹೆಸರಿರುವವರ ಮುಂದೆ ಗುರುತು ಹಾಕಿ, ಉಳಿದವರಿಗೆ ಹೆಸರೇಕಿಲ್ಲವೆಂದು ಬರೆಯಿರಿ ಎಂದು ಕೇಳಬಹುದು.