ಗೋಡೆ ಹಿಡಿದು ನಿಲ್ಲುವ ಹೊತ್ತು

1. ದಮ್ಮು ಬೆಳೆಯಬೇಕಿದ್ದರೆ ಮೊದಲು ವೇಗ ಇಳಿಸಿ, ಆಮೇಲೆ ಬಿಡುವನ್ನೂ ಇಳಿಸಿ. ಬೆಳಗಿನ ಬ್ಯಾಚಿಗೆ ಬರುವ ದೊಡ್ಡವರಲ್ಲಿ ಬಹಳ ಮಂದಿ ಮಾಡುವುದು ಇದರ ತಿರುಗುಮುರುಗು. ಐವತ್ತು ಮೀಟರ್ ಜೀವ ಬಿಟ್ಟು ಈಜುತ್ತಾರೆ, ಗೋಡೆ ಹಿಡಿದು ಎರಡು ನಿಮಿಷ ಹರಟುತ್ತಾರೆ. ಗಂಟೆ ಕಳೆದ ಮೇಲೆ ಲೆಕ್ಕ ಹಾಕಿದರೆ ನಿಜಕ್ಕೂ ಈಜಿದ್ದಕ್ಕಿಂತ ನಿಂತದ್ದೇ ಹೆಚ್ಚು.

2. ನಾನು ಎಲ್ಲರಿಗೂ ಮೊದಲು ಕೊಡುವ ಸೆಟ್: 100 ಮೀಟರ್ ಹತ್ತು ಸಲ, ನಡುವೆ 15 ಸೆಕೆಂಡ್. ಅಷ್ಟು ಹೊತ್ತಿನಲ್ಲಿ ಎದೆಬಡಿತ ಪೂರ್ತಿ ಇಳಿಯುವುದಿಲ್ಲ. ಹೃದಯ, ಶ್ವಾಸಕೋಶಗಳ ಕೆಲಸ ಮುಂದುವರಿಯುತ್ತಲೇ ಇರುತ್ತದೆ. ಆದರೂ ಉಸಿರು ಸ್ವಲ್ಪ ಕೈಗೆ ಬಂದು, ಮುಂದಿನ ನೂರರಲ್ಲಿ ಮೊಣಕೈ ಜಾರುವುದಿಲ್ಲ. ಅದೇ ಸಾವಿರ ಮೀಟರನ್ನು ಒಂದೇ ಉಸುರಿಗೆ ಈಜಿಸಿದರೆ ಹೊಸಬರ ಸ್ಟ್ರೋಕ್ ಅರ್ಧ ದಾರಿಗೇ ಕೆಡುತ್ತದೆ.

ಬಿಡುವು ಉದ್ದವಾದರೆ ಕೆಲಸದ ಸ್ವರೂಪವೇ ಬದಲು. ಸ್ನಾಯುವಿನಲ್ಲಿರುವ ಫಾಸ್ಫೋಕ್ರಿಯಾಟಿನ್ ಎಂಬ ತಕ್ಷಣದ ಇಂಧನ ಅರ್ಧ ನಿಮಿಷದಲ್ಲಿ ಸುಮಾರು ಅರ್ಧ, ಮೂರ್ನಾಲ್ಕು ನಿಮಿಷದಲ್ಲಿ ಬಹುಪಾಲು ತುಂಬಿಕೊಳ್ಳುತ್ತದೆ. 25 ಮೀಟರ್ ಸ್ಪ್ರಿಂಟ್ ಮಾಡಿಸುವಾಗ ಬೇಕಾದ್ದು ಅದೇ. ಆಗ ಎರಡು ನಿಮಿಷ ನಿಂತರೆ ನಾನು ಗದರಿಸುವುದಿಲ್ಲ.

3. “ಇಷ್ಟು ಸೆಕೆಂಡ್ ನಿಲ್ಲಿ” ಅನ್ನುವುದಕ್ಕಿಂತ “ಇಷ್ಟಕ್ಕೊಮ್ಮೆ ಹೊರಡಿ” ಅನ್ನುವುದು ಮೇಲು. ನೂರಕ್ಕೆ 1 ನಿಮಿಷ 40 ಸೆಕೆಂಡ್ ತೆಗೆದುಕೊಳ್ಳುವವರಿಗೆ 1 ನಿಮಿಷ 55 ಸೆಕೆಂಡಿಗೊಮ್ಮೆ ಹೊರಡಲು ಹೇಳಿದರೆ 15 ಸೆಕೆಂಡ್ ಸಿಗುತ್ತದೆ. ಮೊದಲ ಎರಡು ನೂರನ್ನು ಉತ್ಸಾಹದಲ್ಲಿ ಹಾರಿಸಿ, ಆರನೆಯದಕ್ಕೆ 1 ನಿಮಿಷ 48 ಸೆಕೆಂಡಿಗೆ ಬಂದರೆ ಉಳಿಯುವುದು ಏಳೇ. ಬೈಯುವ ಕೆಲಸ ಗಡಿಯಾರ ಮಾಡುತ್ತದೆ. ಒಲಿಂಪಿಕ್ ಈಜುಗಾರ ಮಾರ್ಕ್ ಸ್ಪಿಟ್ಜ್ ಅವರ ಕೋಚ್ ಜೇಮ್ಸ್ ಕೌನ್ಸಿಲ್‌ಮನ್ ಕೊಳದ ಬದಿಯ ಪೇಸ್ ಕ್ಲಾಕನ್ನು ರೂಢಿಗೆ ತಂದವರಲ್ಲಿ ಪ್ರಮುಖರು. ಕೋಚ್‌ಗಳ ಗಂಟಲು ಉಳಿಸಿದ ಪುಣ್ಯಾತ್ಮರು.

ಒಂದೇ ಲೇನಿನಲ್ಲಿ ವೇಗದವರೂ ನಿಧಾನದವರೂ ಇದ್ದರೆ ಇದು ಕೈಕೊಡುತ್ತದೆ: ಒಬ್ಬರಿಗೆ ಅರ್ಧ ನಿಮಿಷ, ಇನ್ನೊಬ್ಬರಿಗೆ ಏನೂ ಇಲ್ಲ. ಅಂಥಲ್ಲಿ ನಿಧಾನದವರಿಗೆ ಅದೇ ಸಮಯದಲ್ಲಿ 75 ಮೀಟರ್ ಸಾಕು.

4. ಯಾವ ವೇಗ ಅಂತ ಊಹಿಸಬೇಡಿ. ಒಂದು ದಿನ 400 ಮೀಟರ್, ಸಾಕಷ್ಟು ಸುಧಾರಿಸಿಕೊಂಡು 200 ಮೀಟರ್, ಎರಡನ್ನೂ ಪೂರಾ ಶಕ್ತಿ ಹಾಕಿ ಈಜಿಸಿ. 7 ನಿಮಿಷ 20 ಸೆಕೆಂಡ್, 3 ನಿಮಿಷ 30 ಸೆಕೆಂಡ್ ಬಂತೆನ್ನಿ. ವ್ಯತ್ಯಾಸ 230 ಸೆಕೆಂಡ್. ಅದರ ಅರ್ಧ, 1 ನಿಮಿಷ 55 ಸೆಕೆಂಡ್, ನೂರು ಮೀಟರಿಗೆ ಅವರು ತಡೆದುಕೊಳ್ಳಬಲ್ಲ ವೇಗದ ಅಂದಾಜು. ದಮ್ಮು ಬೆಳೆಸುವ (ಏರೋಬಿಕ್) ಸೆಟ್ ಅದಕ್ಕಿಂತ ನಾಲ್ಕೈದು ಸೆಕೆಂಡ್ ನಿಧಾನವಿರಲಿ.

5. ನೆಲದ ಮೇಲಿನ ನಾಡಿ ಲೆಕ್ಕ ಇಲ್ಲಿ ಹೊಂದುವುದಿಲ್ಲ. ನೀರಿನಲ್ಲಿ ಮಲಗಿದ ಮೈಗೆ ಬಡಿತ ಸಾಮಾನ್ಯವಾಗಿ ನಿಮಿಷಕ್ಕೆ ಹತ್ತರಷ್ಟು ಕಡಿಮೆ. ನಾನು ಗೋಡೆಯ ಬಳಿ ಏನಾದರೂ ಕೇಳುತ್ತೇನೆ. ಒಂದು ಸಣ್ಣ ವಾಕ್ಯ ಬಂದರೆ ಸರಿ. ಪುರಾಣ ಶುರುವಾದರೆ ಮೈಗಳ್ಳತನ.

6. ಬಿಡುವನ್ನು 20ರಿಂದ 15ಕ್ಕೆ, ಅಲ್ಲಿಂದ 10ಕ್ಕೆ ತರಲು ವಾರಗಳು ಹಿಡಿಯಲಿ. ಅಷ್ಟು ದಿನವೂ ವೇಗ ಮುಟ್ಟಬೇಡಿ. ಹತ್ತರ ಕೆಳಗೆ ಕತ್ತರಿಸಿದರೆ ತಿರುಗುವ ಗಡಿಬಿಡಿಯಲ್ಲಿ ಸ್ಟ್ರೋಕ್ ಹಾಳಾಗುತ್ತದೆ. ಹತ್ತಕ್ಕೆ ಬಂದ ಮೇಲೆ ನೂರನ್ನು ಬಿಟ್ಟು 200 ಮೀಟರ್ ಐದು ಸಲಕ್ಕೆ ಹೋಗಿ, ಬಿಡುವು ಮತ್ತೆ 20.