ಅವನ ಫೋಟೊವನ್ನು ಎಡೆಗೆ ಇಡಬೇಕಾ?

ಪ್ರಶ್ನೆ: ನಾವು ಮಂಡ್ಯ ಜಿಲ್ಲೆಯ ಒಂದು ಹಳ್ಳಿಯವರು. ನನ್ನ ಮಗ ಒಂಬತ್ತನೇ ಕ್ಲಾಸಿನಲ್ಲಿದ್ದಾಗ ಒಂದು ಸಂಜೆ ಟ್ಯೂಷನ್ನಿಗೆ ಅಂತ ಸೈಕಲ್ ತಗೊಂಡು ಹೋದವನು ವಾಪಸ್ ಬರಲಿಲ್ಲ. ಸೈಕಲ್ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಿತು. ಮೂರು ವರ್ಷವಾಯಿತು. ಹಿಂದಿನ ದಿನ ಮೊಬೈಲ್ ವಿಚಾರಕ್ಕೆ ಅವರಪ್ಪ ಹೊಡೆದಿದ್ದರು. ಆವತ್ತಿನಿಂದ ಅವರು ಮನೆಯಲ್ಲಿ ಮಾತೇ ಆಡಲ್ಲ. ಭಾನುವಾರ ಬಂದರೆ ಮೈಸೂರು, ಬೆಂಗಳೂರು ಅಂತ ರೈಲ್ವೆ ಸ್ಟೇಷನ್ ಸುತ್ತುತ್ತಾರೆ. ಅತ್ತೆ ಅಂಜನ ಹಾಕಿಸಿದರು, ಪ್ರಶ್ನೆ ಕೇಳಿಸಿದರು. ಒಬ್ಬರು ಉತ್ತರ ದಿಕ್ಕಿನಲ್ಲಿದ್ದಾನೆ ಅಂದರು, ಇನ್ನೊಬ್ಬರು ಇಲ್ಲವೇ ಇಲ್ಲ ಅಂದುಬಿಟ್ಟರು. ಈಗ ಪಿತೃಪಕ್ಷ ಬರುತ್ತಿದೆ. ಹಿರಿಯರಿಗೆ ಎಡೆ ಇಡುವಾಗ ಅವನ ಫೋಟೊವನ್ನೂ ಇಡೋಣ, ಮಗು ಹಸಿದಿರುತ್ತೆ ಅಂತ ಅತ್ತೆ, ಭಾವ ಇಬ್ಬರೂ ಹೇಳುತ್ತಿದ್ದಾರೆ. ನನಗೆ ಕೈ ಬರುತ್ತಿಲ್ಲ. ಬೇಡ ಅನ್ನುವುದಕ್ಕೂ ಭಯ. ಅವನು ಬಂದಾಗ ಬಾಗಿಲಿಗೆ ಬೀಗ ಇರಬಾರದು ಅಂತ ನಾನು ತಮ್ಮನ ಮದುವೆಯಲ್ಲೂ ತವರಿನಲ್ಲಿ ರಾತ್ರಿ ಉಳಿಯಲಿಲ್ಲ. ಮಗಳು ಎಂಟನೇ ಕ್ಲಾಸು, ಪಾಪ, ಅವಳು ಏನೂ ತೊಂದರೆ ಕೊಡಲ್ಲ. ನಾನು ಅಳಬೇಕೋ ಕಾಯಬೇಕೋ ತಿಳಿಯುತ್ತಿಲ್ಲ.

ಉತ್ತರ: ತಾಯಿ, ಹಬ್ಬ ಹತ್ತಿರದಲ್ಲಿದೆ, ಹಾಗಾಗಿ ಮೊದಲು ಎಡೆಯ ಮಾತು. ಫೋಟೊ ಇಡಬೇಡಿ. ನಿಮಗೆ ಕೈ ಬರುತ್ತಿಲ್ಲ ಎಂಬ ಒಂದು ಕಾರಣವೇ ಸಾಕು. ಅದು ಸಾಲದೆಂದು ಯಾರಾದರೂ ವಾದಕ್ಕೆ ನಿಂತರೆ ಇಷ್ಟು ಹೇಳಿ: ಮನುಷ್ಯನ ಸುದ್ದಿ ಏಳು ವರ್ಷ ಯಾರಿಗೂ ತಿಳಿಯದೆ ಇದ್ದಾಗ ಮಾತ್ರ ಅವನು ಬದುಕಿಲ್ಲವೆಂದು ಊಹಿಸಲು ಕಾನೂನು ಒಪ್ಪುತ್ತದೆ. ಭಾರತೀಯ ಸಾಕ್ಷ್ಯ ಅಧಿನಿಯಮದ 111ನೇ ಸೆಕ್ಷನ್ ಹೇಳುವುದು ಇದನ್ನೇ. ನಮ್ಮ ಸಂಪ್ರದಾಯವಂತೂ ಹನ್ನೆರಡು ವರ್ಷ ಕಾಯಿರಿ ಎನ್ನುತ್ತದೆ. ಮೂರೇ ವರ್ಷಕ್ಕೆ ನಿಮ್ಮನ್ನು ಅವಸರ ಮಾಡುವ ಹಕ್ಕು ಯಾರಿಗೂ ಇಲ್ಲ.

ಆದರೆ ನಿಮ್ಮ ಅತ್ತೆಯ ಮೇಲೆ ಕೋಪ ಮಾಡಿಕೊಳ್ಳಬೇಡಿ. ಅವರು ಹೇಳಿದ ಮಾತನ್ನು ಇನ್ನೊಮ್ಮೆ ಕೇಳಿಸಿಕೊಳ್ಳಿ: ಮಗು ಹಸಿದಿರುತ್ತೆ. ಆ ಅಜ್ಜಿಗೆ ಮೊಮ್ಮಗನಿಗೆ ಉಣಬಡಿಸಬೇಕಾಗಿದೆ, ಎಲ್ಲಿ ಬಡಿಸಬೇಕೆಂದು ತೋಚುತ್ತಿಲ್ಲ. ಪಿತೃಪಕ್ಷ ಕಳೆದ ಮೇಲೆ, ಅವನ ಹುಟ್ಟಿದ ದಿನವೋ ಇನ್ಯಾವುದೋ ಒಳ್ಳೆಯ ದಿನವೋ ನೋಡಿಕೊಂಡು, ಅವನಿಗೆ ಇಷ್ಟವಾದದ್ದನ್ನು ಅವರ ಕೈಯಲ್ಲೇ ಮಾಡಿಸಿ. ಊರಿನ ಅಂಗನವಾಡಿಯ ಮಕ್ಕಳಿಗೋ ಹಾಸ್ಟೆಲ್ ಹುಡುಗರಿಗೋ ಅವರೇ ಬಡಿಸಲಿ. ಅಂಜನ, ಪ್ರಶ್ನೆ ಮಾತ್ರ ಇನ್ನು ಸಾಕು. ಒಬ್ಬರು ಇದ್ದಾನೆ ಎಂದಾಗ ಒಂದು ವಾರ ಬದುಕುತ್ತೀರಿ, ಇನ್ನೊಬ್ಬರು ಇಲ್ಲ ಎಂದಾಗ ಮತ್ತೆ ಕುಸಿಯುತ್ತೀರಿ. ದುಡ್ಡು ಹೋದದ್ದಕ್ಕಿಂತ ಇದು ದೊಡ್ಡ ಹಾನಿ.

ಅಳಬೇಕೋ ಕಾಯಬೇಕೋ ಎಂದು ಕೇಳಿದ್ದೀರಿ. ಎರಡನ್ನೂ ಮಾಡಿ. ಬೆಳಿಗ್ಗೆ ಅವನು ಬರುತ್ತಾನೆ ಅನ್ನಿಸಿ, ರಾತ್ರಿ ಇನ್ನಿಲ್ಲ ಅನ್ನಿಸಿದರೆ ನಿಮ್ಮ ತಲೆ ಕೆಟ್ಟಿಲ್ಲ. ಅಮೆರಿಕದ ಮನೋವಿಜ್ಞಾನಿ ಪಾಲಿನ್ ಬಾಸ್ 1970ರ ದಶಕದಲ್ಲಿ ವಿಯೆಟ್ನಾಂ ಯುದ್ಧದಲ್ಲಿ ಕಾಣೆಯಾದ ಸೈನಿಕರ ಮನೆಯವರನ್ನು ಅಧ್ಯಯನ ಮಾಡಿದರು. ಮುಂದೆ 2001ರ ಭಯೋತ್ಪಾದಕ ದಾಳಿಯ ಬಳಿಕ ನ್ಯೂಯಾರ್ಕ್‌ನಲ್ಲಿ, ತಮ್ಮವರ ಗುರುತೂ ಸಿಗದ ಕುಟುಂಬಗಳ ಜೊತೆಗೂ ಕೆಲಸ ಮಾಡಿದರು. ಇಂಥ ಮನೆಗಳಲ್ಲಿ ಜನ ಚೇತರಿಸಿಕೊಳ್ಳದೆ ಉಳಿಯುವುದು ಅವರ ದೌರ್ಬಲ್ಯದಿಂದಲ್ಲ, ಪರಿಸ್ಥಿತಿಗೇ ತೀರ್ಮಾನವಿಲ್ಲದ್ದರಿಂದ ಎಂಬುದು ಅವರು ಕಂಡುಕೊಂಡ ಸತ್ಯ. ಸಾವಾದರೆ ಊರು ಬಂದು ಕೂರುತ್ತದೆ, ಹನ್ನೊಂದನೇ ದಿನ, ತಿಥಿ ಎಂದು ದುಃಖಕ್ಕೊಂದು ದಾರಿ ಇರುತ್ತದೆ. ನಿಮಗೆ ಅದ್ಯಾವುದೂ ಸಿಗಲಿಲ್ಲ. ಹಾಗಾಗಿ ಮನೆಯವರೆಲ್ಲ ಒಂದೇ ತೀರ್ಮಾನಕ್ಕೆ ಬರಬೇಕೆಂದು ಹಟ ಬೇಡ. ಅತ್ತೆ ಹೋದನೆಂದುಕೊಳ್ಳಲಿ, ನಿಮ್ಮವರು ಹುಡುಕಲಿ, ನೀವು ದಿನಕ್ಕೊಂದು ಅಂದುಕೊಳ್ಳಿ. ಒಂದೇ ಪಂಕ್ತಿಯಲ್ಲಿ ಕೂತು ಉಂಡರೆ ಸಾಕು.

‘ಲಯನ್’ ಸಿನಿಮಾದ ಕತೆಯನ್ನು ಯಾರಾದರೂ ನಿಮಗೆ ಹೇಳಿರಬಹುದು. ಮಧ್ಯಪ್ರದೇಶದ ಖಂಡವಾದ ಸರೂ ಎಂಬ ಬಾಲಕ ರೈಲಿನಲ್ಲಿ ಕೋಲ್ಕತ್ತ ಸೇರಿ, ಆಸ್ಟ್ರೇಲಿಯಕ್ಕೆ ದತ್ತು ಹೋಗಿ, ಸುಮಾರು 25 ವರ್ಷದ ಮೇಲೆ 2012ರಲ್ಲಿ ತಾಯಿಯ ಮುಂದೆ ಬಂದು ನಿಂತ. ಇದನ್ನು ನಿಮಗೊಂದು ಭರವಸೆಯಾಗಿ ನಾನು ಹೇಳುತ್ತಿಲ್ಲ. ಎಲ್ಲರಿಗೂ ಹಾಗಾಗುವುದಿಲ್ಲ. ನನ್ನ ಗಮನ ಇರುವುದು ಆ ತಾಯಿಯ ಮೇಲೆ. ಸರೂ ಕಳೆದುಹೋದ ರಾತ್ರಿಯೇ ದೊಡ್ಡ ಮಗ ರೈಲಿಗೆ ಸಿಕ್ಕಿ ಸತ್ತಿದ್ದ. ಆಕೆ ಆ ಕೇರಿ ಬಿಟ್ಟು ಹೋಗಲಿಲ್ಲ, ಆದರೆ ದುಡಿದರು, ಉಳಿದಿಬ್ಬರು ಮಕ್ಕಳನ್ನು ಬೆಳೆಸಿದರು.

ನಿಮ್ಮ ಬೀಗದ ಭಯಕ್ಕೂ ಉಪಾಯವಿದೆ. ಪಕ್ಕದ ಮನೆಯವರ ಕೈಗೆ ಒಂದು ಕೀಲಿ ಕೊಡಿ, ಬಾಗಿಲ ಮೇಲೆ ನಿಮ್ಮ ಫೋನ್ ನಂಬರ್ ಬರೆಯಿರಿ, ಅವನಿಗೆ ಬಾಯಿಪಾಠವಾಗಿದ್ದ ಸಿಮ್ ಬದಲಿಸಬೇಡಿ. 1979ರಲ್ಲಿ ನ್ಯೂಯಾರ್ಕ್‌ನಲ್ಲಿ ಶಾಲೆಯ ಬಸ್ಸಿಗೆಂದು ನಡೆದುಹೋದ ಆರು ವರ್ಷದ ಈಟನ್ ಪ್ಯಾಟ್ಜ್ ಕಾಣೆಯಾದಾಗ ಅವನ ತಂದೆತಾಯಿ ಮನೆಯನ್ನೂ ಫೋನ್ ನಂಬರನ್ನೂ ದಶಕಗಳ ಕಾಲ ಬದಲಿಸಲಿಲ್ಲ. ಅಷ್ಟು ಮಾಡಿಟ್ಟು ನೀವು ಎರಡು ರಾತ್ರಿ ತವರಿಗೆ ಹೋಗಿ ಬನ್ನಿ. ನಿಮಗೆ ತಾಯಿಯ ಮಡಿಲು ಬೇಕಾಗಿದೆ.

ನಿಮ್ಮ ಯಜಮಾನರ ವಿಚಾರ. ಹೊಡೆದದ್ದು ತಪ್ಪು, ನಾನದನ್ನು ತೇಲಿಸುವುದಿಲ್ಲ. ಆದರೆ ಬಸ್ ಸ್ಟ್ಯಾಂಡಿನಿಂದ ಮುಂದೆ ಏನಾಯಿತೆಂದು ಯಾರಿಗೂ ಗೊತ್ತಿಲ್ಲ. ಆ ಗೊತ್ತಿಲ್ಲದ ಜಾಗಕ್ಕೆಲ್ಲ ಅವರು ತಮ್ಮ ಏಟನ್ನೇ ತುಂಬಿಕೊಂಡಿದ್ದಾರೆ. ನೀವು ಅವರನ್ನು ದೂರಿದ್ದೀರಾ, ಬಾಯಿಬಿಟ್ಟೋ ಬಾಯಿಮುಚ್ಚಿಯೋ? ದೂರಿದ್ದರೆ ಅದನ್ನು ಮಾತಿನಲ್ಲೇ ಆಡಿ ಮುಗಿಸಿ. ಒಂದು ಭಾನುವಾರ ನೀವೂ ಅವರ ಜೊತೆ ರೈಲು ಹತ್ತಿ. ‘ನನಗೆ ಕೋಪ ಇದೆ, ಆದರೂ ನೀವು ಬೇಕು’ ಎಂದು ಹೇಳಿ. ಊಟ, ನಿದ್ದೆ ಬಿಟ್ಟಿದ್ದರೆ, ಕುಡಿತ ಹಿಡಿದಿದ್ದರೆ, ಸಾಯುವ ಮಾತಾಡಿದರೆ ಒಂದು ದಿನವೂ ತಡಮಾಡಬೇಡಿ. ಟೆಲಿ ಮಾನಸ್ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಫೋನ್ ಮಾಡಬಹುದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ತಾಲ್ಲೂಕು ಆಸ್ಪತ್ರೆಯಲ್ಲಿ ಮಂಗಳವಾರದ ಮನೋಚೈತನ್ಯ ಕ್ಲಿನಿಕ್‌ಗೆ ಇಬ್ಬರೂ ಒಟ್ಟಿಗೆ ಹೋಗಿ.

ಈಗ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡಿದ ಸಾಲು. ಇಡೀ ಪತ್ರದಲ್ಲಿ ಮಗಳಿಗೆ ಸಿಕ್ಕಿದ್ದು ಅದೊಂದೇ: ಅವಳು ಏನೂ ತೊಂದರೆ ಕೊಡಲ್ಲ. ಎಂಟನೇ ಕ್ಲಾಸಿನ ಹುಡುಗಿ ತೊಂದರೆ ಕೊಡಬೇಕಮ್ಮಾ. ಜಡೆಗೆ, ಬಟ್ಟೆಗೆ, ಟೂರಿಗೆ ದುಡ್ಡಿಗೆ ಜಗಳ ಆಡಬೇಕು. ಅಣ್ಣ ಹೋದಾಗ ಅವಳು ಐದನೇ ಕ್ಲಾಸಿನಲ್ಲಿದ್ದಳು. ಆವತ್ತಿನಿಂದ ತಾನು ಮೆತ್ತಗೆ ನಡೆದರೆ ಮನೆ ನಿಲ್ಲುತ್ತದೆ ಎಂದುಕೊಂಡಿರುತ್ತಾಳೆ. ಇಂಥ ಮಕ್ಕಳು ನಕ್ಕರೆ ಅಣ್ಣನಿಗೆ ದ್ರೋಹವೆಂದುಕೊಳ್ಳುತ್ತಾರೆ, ಶಾಲೆಯ ವಾರ್ಷಿಕೋತ್ಸವದ ಚೀಟಿಯನ್ನು ಬ್ಯಾಗಿನಲ್ಲೇ ಇಟ್ಟುಕೊಂಡು ಮನೆಯಲ್ಲಿ ತೋರಿಸುವುದಿಲ್ಲ. ಅಣ್ಣ ಜಗಳ ಆಡಿದ್ದನ್ನೂ ತನ್ನ ಜೊತೆ ಬಿಟ್ಟ ಟೂವನ್ನೂ ನೆನೆದು ತನ್ನಿಂದಲೇ ಹೋದನೋ ಎಂದು ಒಳಗೊಳಗೇ ಬೇಯುವುದೂ ಉಂಟು. ಅವಳನ್ನು ಕೂರಿಸಿಕೊಂಡು ತಲೆ ಬಾಚುತ್ತಾ ಅವನ ಹೆಸರು ಹಿಡಿದು ಮಾತಾಡಿ. ಅವನ ತುಂಟತನ, ಕೋಪ ಎಲ್ಲವೂ ಬರಲಿ. ‘ನಿನ್ನಿಂದ ಏನೂ ಆಗಲಿಲ್ಲ’ ಎಂಬುದನ್ನು ಅವಳು ಕೇಳದಿದ್ದರೂ ಹೇಳಿ. ಈ ಸಲ ಅವಳ ಹುಟ್ಟುಹಬ್ಬ ಮಾಡಿ, ಪಾಯಸ ಮಾಡಿ. ಅವಳ ಕ್ಲಾಸ್ ಟೀಚರನ್ನು ಈ ವಾರವೇ ಹೋಗಿ ನೋಡಿ.

ಹುಡುಕಾಟ ನಿಲ್ಲಿಸಬೇಕಿಲ್ಲ, ಆದರೆ ಅದು ಸ್ಟೇಷನ್ ಸುತ್ತುವುದಕ್ಕಿಂತ ಮುಂದೆ ಹೋಗಲಿ. ಠಾಣೆಯಲ್ಲಿ ಎಫ್‌ಐಆರ್ ಪ್ರತಿ ಕೇಳಿ. ನಾಲ್ಕು ತಿಂಗಳಲ್ಲಿ ಮಗು ಪತ್ತೆಯಾಗದಿದ್ದರೆ ತನಿಖೆ ಮಾನವ ಕಳ್ಳಸಾಗಣೆ ತಡೆ ಘಟಕಕ್ಕೆ ಹೋಗಬೇಕು, ಆ ಘಟಕ ಮೂರು ತಿಂಗಳಿಗೊಮ್ಮೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ವರದಿ ಕೊಡಬೇಕು ಎಂದು 2016ರ ಬಾಲನ್ಯಾಯ ಮಾದರಿ ನಿಯಮಗಳು ಹೇಳುತ್ತವೆ. ನಿಮ್ಮ ಪ್ರಕರಣದಲ್ಲಿ ಹಾಗಾಗಿದೆಯೇ ಎಂದು ಮಂಡ್ಯದ ಪ್ರಾಧಿಕಾರದಲ್ಲಿ ವಿಚಾರಿಸಿ, ಅಲ್ಲಿ ಕಾನೂನು ನೆರವು ಉಚಿತ. ಮಗನನ್ನು ಕಂಡೆವೆಂದು ಫೋನ್ ಮಾಡಿ ದುಡ್ಡು ಕೇಳಿದರೆ ಒಂದು ರೂಪಾಯಿಯನ್ನೂ ಕಳಿಸದೆ ಆ ನಂಬರನ್ನು ಪೊಲೀಸರಿಗೆ ಕೊಡಿ.

ಕೊನೆಯದಾಗಿ, ಇದನ್ನು ಓದುತ್ತಿರುವ ಬೇರೆಯವರಿಗೆ. ಮಗು ಕಾಣಲಿಲ್ಲವೆಂದರೆ 24 ಗಂಟೆ ಕಾಯಬೇಕೆಂಬ ನಿಯಮ ಎಲ್ಲೂ ಇಲ್ಲ. ಕಾಣೆಯಾದ ಮಗುವಿನ ದೂರು ಬಂದರೆ ಎಫ್‌ಐಆರ್ ದಾಖಲಿಸಲೇಬೇಕೆಂದು ಸುಪ್ರೀಂ ಕೋರ್ಟ್ 2013ರಲ್ಲೇ ಹೇಳಿದೆ. ಆ ಕ್ಷಣವೇ 112ಕ್ಕೆ ಅಥವಾ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ.